ಬರಿಗಣ್ಣಿನ ಟೈಮ್

ಮೊದಲೇ ಹೇಳಿಬಿಡುತ್ತೇನೆ, ಲೆನ್ಸಿನ ವಿಷಯದಲ್ಲಿ ನಾನು ಹಸುಗೂಸಲ್ಲ. ಮುಂಬಯಿ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂತಗನ್ನಡಿ ಹಿಡಿದು ಸ್ಕ್ರೂಗಳಲ್ಲಿ ಐಬು ಹುಡುಕುತ್ತಿದ್ದೇನೆ. ಕೂದಲೆಳೆಯಷ್ಟು ಬಿರುಕಿದ್ದರೂ ನನ್ನ ಕಣ್ಣು ತಪ್ಪಿಸಿ ಹೊರಗೆ ಹೋಗಲಾರದು. ಅಂಥವನಿಗೆ ಚಂದ್ರನನ್ನು ಹುಡುಕುವುದು ಯಾವ ಮಹಾ ಕೆಲಸ!

ಹುಡುಕಬೇಕಾಗಿ ಬಂದದ್ದು ನಮ್ಮ ಅತ್ತೆ ಗಂಗಾಬಾಯಿಯವರಿಗಾಗಿ. ಬೆಳಗಾವಿಯವರು, ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಪ್ರತಿ ತಿಂಗಳು ಸಂಕಷ್ಟಿಯ ದಿನ ಬೆಳಗಿನಿಂದ ಉಪವಾಸ. ಹುಣ್ಣಿಮೆ ಕಳೆದ ಮೇಲಿನ ಚೌತಿಯ ಚಂದ್ರನನ್ನು ಕಣ್ಣಾರೆ ನೋಡಿ, ಅರ್ಘ್ಯ ಬಿಟ್ಟು, ಗಣಪತಿಗೆ ಮೋದಕದ ನೈವೇದ್ಯ ತೋರಿಸಿದ ಮೇಲೆಯೇ ಊಟ. ಮೊದಲು ಇದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಈಗ ನಮ್ಮ ಬಿಲ್ಡಿಂಗಿನ ಪೂರ್ವಕ್ಕೆ ಇಪ್ಪತ್ನಾಲ್ಕು ಮಹಡಿಯ ಟವರ್ ಎದ್ದಿದೆ. ಕಳೆದ ತಿಂಗಳು ಚಂದ್ರ ಅದರ ನೆತ್ತಿ ದಾಟುವಷ್ಟರಲ್ಲಿ ಹನ್ನೊಂದೂವರೆ. ಅತ್ತೆ ತಲೆಸುತ್ತಿ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತರು.

ಬೇರೆ ಕಡೆಯಿಂದ ಚಂದ್ರನ ಫೋಟೋ ತರಿಸುತ್ತೇನೆಂದು ನಾನು ಆ ದಿನವೇ ಹೇಳಿದ್ದೆ. ಅತ್ತೆ ಒಪ್ಪಿರಲಿಲ್ಲ.

"ಚಂದ್ರನ ಫೋಟೋ ನೋಡಿ ಉಪಾಸ ಬಿಟ್ರ, ಆಮ್ಯಾಲೆ ಊಟದ್ದೂ ಫೋಟೋನ ನೋಡಬೇಕಾಗ್ತದ, ಅಳಿಯಂದ್ರ."

ನನ್ನ ಹೆಂಡತಿ ಶೈಲಾ ಮಾತ್ರ ಕಣ್ಣೀರು ಹಾಕಿದಳು. "ಏನರೆ ಮಾಡ್ರಿ. ಮುಂದಿನ ಸಂಕಷ್ಟಿಗೆ ಒಂಬತ್ತೂವರಿ ಒಳಗ ಅವ್ವನ ಹೊಟ್ಟಿಗೆ ಊಟ ಬೀಳಬೇಕು."

"ಬೀಳ್ತದ," ಎಂದು ನಾನು ಮಾತು ಕೊಟ್ಟೆ.

ಮಾತು ಕೊಟ್ಟ ವಾರಕ್ಕೆ ಸರಿಯಾಗಿ ಪರಿಹಾರವೂ ಸಿಕ್ಕಿತು! ಪವಾಯಿ ಕಡೆಯ ಒಂದು ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಸಾರ್ವಜನಿಕರಿಗೆ ನಕ್ಷತ್ರ ವೀಕ್ಷಣೆ, ಶನಿವಾರ ಸಂಜೆ ಏಳರಿಂದ ಒಂಬತ್ತು, ದೊಡ್ಡ ದೂರದರ್ಶಕ, ಪ್ರವೇಶ ಉಚಿತ. ಆ ಶನಿವಾರವೇ ಸಂಕಷ್ಟಿ. ದೇವರೇ ಮುಂದೆ ನಿಂತು ಪ್ರೋಗ್ರಾಂ ಇಟ್ಟ ಹಾಗಿತ್ತು.

ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ಶೈಲಾ ಹುಬ್ಬೇರಿಸಿದಳು. "ಚಂದ್ರೋದಯ ಒಂಬತ್ತು ಹದಿನೆಂಟು ಅಂತ ಬರದದಲ್ರಿ. ಅವರ ಪ್ರೋಗ್ರಾಂ ಒಂಬತ್ತಕ್ಕ ಮುಗೀತದ."

ನಾನು ಕನಿಕರದಿಂದ ನಕ್ಕೆ. "ಕ್ಯಾಲೆಂಡರಿನ್ಯಾಗ ಇರೋದು ಬರಿಗಣ್ಣಿನ ಟೈಮ್. ದೂರದರ್ಶಕಕ್ಕ ಅಷ್ಟು ಹೊತ್ತು ಬೇಕಾಗೂದಿಲ್ಲ. ಲೆನ್ಸಿನ ವಿಷಯ ನನಗ ಬಿಡು."

ಬಿಟ್ಟಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ನಂಬಿದ್ದೇ ಅಪರೂಪ. ನಂಬಲು ಆರಿಸಿಕೊಂಡದ್ದು ಇದನ್ನು.

ಆನ್‌ಲೈನ್ ಅರ್ಜಿ ತುಂಬಿದೆ. ಕೊನೆಯಲ್ಲಿ ಒಂದು ಪ್ರಶ್ನೆ: ಖಗೋಳದ ತಿಳುವಳಿಕೆ ಎಷ್ಟು? ಇಲ್ಲ, ಸ್ವಲ್ಪ, ಚೆನ್ನಾಗಿದೆ. ನನ್ನ ಹೆಸರಿನ ಮುಂದೆ 'ಚೆನ್ನಾಗಿದೆ' ಎಂದು ಒತ್ತಿದೆ. ಸಂಸಾರದ ನೆಮ್ಮದಿಗಾಗಿ ಶೈಲಾಗೆ 'ಸ್ವಲ್ಪ'. ಅತ್ತೆ ಓದಿದ್ದು ನಾಲ್ಕನೇ ಇಯತ್ತೆ. ಅವರಿಗೆ 'ಇಲ್ಲ'.

ಶನಿವಾರ ಮೂವರೂ ರಿಕ್ಷಾ ಹತ್ತಿದೆವು. ಶೈಲಾಳ ಮಡಿಲಲ್ಲಿ ಇಪ್ಪತ್ತೊಂದು ಮೋದಕದ ಡಬ್ಬಿ. ಅತ್ತೆಯ ಚೀಲದಲ್ಲಿ ತಂಬಿಗೆ, ಅರಿಶಿನ ಕುಂಕುಮ, ಗರಿಕೆ, ನೀಲಾಂಜನ, ಕಡ್ಡಿಪೆಟ್ಟಿಗೆ. ಗೇಟಿನ ಸೆಕ್ಯುರಿಟಿಯವನು ಚೀಲ ತೆರೆದು ನೋಡಿ ಕಡ್ಡಿಪೆಟ್ಟಿಗೆಯನ್ನು ತೆಗೆದಿಟ್ಟುಕೊಂಡ. "ಚಂದ್ರನ ಬೆಳಕು ಇದ್ದಾಗ ದೀಪ ಯಾಕ?" ಎಂದು ನಾನು ಅತ್ತೆಗೆ ಸಮಾಧಾನ ಹೇಳಿದೆ. ಅದು ನನ್ನ ಆ ದಿನದ ಕೊನೆಯ ಸಮಾಧಾನ.

ಮೇಲಿನ ತಾರಸಿಯಲ್ಲಿ ಮೂವತ್ತು ಜನರ ಸಾಲು. ಅನುಜಾ ಎಂಬ ಮರಾಠಿ ಹುಡುಗಿ, ಅಲ್ಲೇ ಸಂಶೋಧನೆ ಮಾಡುವವಳು, ಹೆಸರು ಕೇಳಿ ಎಲ್ಲರ ಎದೆಗೂ ಸ್ಟಿಕ್ಕರ್ ಅಂಟಿಸಿದಳು. 'ಇಲ್ಲ' ಎಂದವರಿಗೆ ಹಳದಿ. 'ಚೆನ್ನಾಗಿದೆ' ಎಂದವರಿಗೆ ಹಸಿರು. ಮೂವತ್ತು ಜನರಲ್ಲಿ ಹಸಿರು ಒಂದೇ ಒಂದು. ಎದೆ ಉಬ್ಬಿಸಿ ನಿಂತೆ.

"ಹಸಿರು ಸ್ಟಿಕ್ಕರಿನ ಅಂಕಲ್, ಎಲ್ಲರಿಗೂ ಧ್ರುವ ನಕ್ಷತ್ರ ತೋರಿಸ್ತೀರಾ?" ಎಂದು ಅವಳು ಹಿಂದಿಯಲ್ಲಿ ಕೇಳಿದಳು.

ತಡಮಾಡದೆ ತೋರಿಸಿದೆ. ಕೆಂಪಗೆ, ಸ್ಥಿರವಾಗಿ, ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಂಕಲ್, ಅದು ಮೊಬೈಲ್ ಟವರಿನ ದೀಪ."

ಇಂಥ ಸಣ್ಣಪುಟ್ಟ ವ್ಯತ್ಯಾಸಗಳು ವಿಜ್ಞಾನದಲ್ಲಿ ಆಗುತ್ತಿರುತ್ತವೆ. ಮಾತು ಬದಲಿಸಲು ನಾನು ಗಂಭೀರವಾಗಿ ಕೇಳಿದೆ, "ಚಂದ್ರನನ್ನು ಯಾವಾಗ ತೋರಿಸುತ್ತೀರಿ?"

"ಆಜ್ ಚಾಂದ್ ಕಹಾಂ, ಅಂಕಲ್? ಇಸೀಲಿಯೇ ತೋ ಆಜ್ ಕಾ ದಿನ್ ರಖಾ ಹೈ!"

ಚಂದ್ರ ಇದ್ದರೆ ಅವನ ಬೆಳಕಿನಲ್ಲಿ ನಕ್ಷತ್ರಗಳು ಮಂಕಾಗುತ್ತವಂತೆ. ಅದಕ್ಕೇ ಅವನು ಒಂಬತ್ತರ ತನಕ ಹುಟ್ಟದ ದಿನವನ್ನು ಹುಡುಕಿ ಹುಡುಕಿ ಇಟ್ಟಿದ್ದರು. ಇಡೀ ಮುಂಬಯಿಯಲ್ಲಿ ಚಂದ್ರ ಬೇಡವೇ ಬೇಡ ಎಂದು ಸೇರಿದ್ದ ಮೂವತ್ತು ಜನರ ನಡುವೆ, ಚಂದ್ರನಿಗಾಗಿ ಉಪವಾಸವಿದ್ದ ಅತ್ತೆಯನ್ನು ನಾನು ತಂದು ನಿಲ್ಲಿಸಿದ್ದೆ!

ಶೈಲಾ ಮೋದಕದ ಡಬ್ಬಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದಳು, ಅಷ್ಟೇ. ಅತ್ತೆ ಗೋಡೆಗೆ ಕೈ ಊರಿ ನಿಂತಿದ್ದರು. ನಿಜ ಹೇಳಬೇಕೆಂದರೆ ನನಗೆ ಆಗ ಹೆದರಿಕೆಯಾಯಿತು. ಇಲ್ಲೇ ಬಿದ್ದುಬಿಟ್ಟರೆ?

ಅಷ್ಟರಲ್ಲಿ ಸಾಲು ಮುಂದೆ ಸರಿದು ದೂರದರ್ಶಕ ನನ್ನ ಕಣ್ಣಿಗೆ ಬಂತು. ಅನುಜಾ ಅದನ್ನು ಶುಕ್ರನ ಕಡೆ ತಿರುಗಿಸಿದ್ದಳು. ಇಣುಕಿದವನು ಬೆರಗಾದೆ. ಶುಕ್ರ ಚುಕ್ಕೆಯ ಹಾಗಿರಲಿಲ್ಲ. ಬೆಳ್ಳಗೆ, ಬಾಗಿದ ಎಳೆ, ಥೇಟ್ ಚಂದ್ರ! ಶುಕ್ರನೂ ಚಂದ್ರನ ಹಾಗೆ ಹಿಗ್ಗುತ್ತಾ ಕುಗ್ಗುತ್ತಾ ಕಾಣುತ್ತಾನೆ ಎಂದು ಅವಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬುದ್ಧಿ ಬಂತು.

"ಅತ್ತಿಯವರ, ಬರ್ರಿ ಬರ್ರಿ! ಚಂದ್ರ ಬಂದಾನ. ಲಗೂನ ಕೈಮುಗೀರಿ."

ಅತ್ತೆ ಸೆರಗು ಸರಿಮಾಡಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು. ಕೈ ಮುಗಿಯಲಿಲ್ಲ. ತಲೆ ಎತ್ತಿ, ದೂರದರ್ಶಕ ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ಸಂಕಷ್ಟಿ ಚಂದ್ರ ಒಂದ್ ಮಗ್ಗಲು ಸವದಿರ್ತಾನ, ಹೊಟ್ಟಿ ತುಂಬಿರ್ತದ. ಇದು ಬಿದಿಗಿ ಚಂದ್ರನಂಗ ಅದ. ಹೋಗ್ಲಿ ಅದು. ಚಂದ್ರ ಯಾವಾಗಿಂದ ಪಶ್ಚಿಮಕ್ಕ ಹುಟ್ಟಾಕತ್ಯಾನ್ರಿ?"

ನಮ್ಮ ಹಿಂದೆ ಉಡುಪಿ ಕಡೆಯ ಹೋಟೆಲಿನವರೊಬ್ಬರು ನಿಂತಿದ್ದರು. ಅಲ್ಲಿ ಕನ್ನಡ ಬಲ್ಲವರು ಅವರೊಬ್ಬರೇ, ಅದು ನನ್ನ ಕರ್ಮ. "ಎಂಥದು ಮಾರಾಯ್ರೆ ನೀವು!" ಎಂದು ಹೊಟ್ಟೆ ಹಿಡಿದು ನಕ್ಕು, ಉಳಿದವರಿಗೆ ಹಿಂದಿಯಲ್ಲಿ ಹೇಳಿದರು. ಮೂವತ್ತು ಜನರೂ ನಕ್ಕರು. ಶೈಲಾ ಕೂಡ ನಕ್ಕಳು, ಆದರೆ ಅದು ಬೇರೆ ಥರದ ನಗು. ಮನೆಗೆ ಹೋದ ಮೇಲೆ ಅರ್ಥವಾಗುವಂಥದ್ದು.

ನಗದೆ ಇದ್ದವರು ಅತ್ತೆ ಒಬ್ಬರೇ. "ನಗಬ್ಯಾಡ್ರಿ. ನನ್ನ ಹಸಿವು ನೋಡಲಾರದ ಸುಳ್ಳು ಹೇಳ್ಯಾರ," ಎಂದರು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಪರವಾಗಿ ಮಾತಾಡಿದ್ದು ನುಂಗಲಾಗಲಿಲ್ಲ.

ಅನುಜಾ ಓಡಿ ಬಂದು ಅತ್ತೆಗೆ ಕುರ್ಚಿ ಹಾಕಿದಳು. "ಆಜಿ, ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಮರಾಠಿಯಲ್ಲಿ ಕೇಳಿದಳು. ಬೆಳಗಾವಿಯ ಅತ್ತೆಗೆ ಮರಾಠಿ ನೀರು ಕುಡಿದಷ್ಟು ಸುಲಭ. ಹುಣ್ಣಿಮೆಗೆ ಹೊತ್ತು ಮುಳುಗುವಾಗ ಹುಟ್ಟುವ ಚಂದ್ರ, ಆಮೇಲೆ ದಿನಕ್ಕೆ ಎರಡು ಗಳಿಗೆ ತಡ ಮಾಡುತ್ತಾ ಹೋಗುತ್ತಾನೆ ಎಂದು ವಿವರಿಸಿದರು. ಅನುಜಾ ಬೆರಳು ಮಡಚಿ ಲೆಕ್ಕ ಹಾಕಿದಳು. ಗಳಿಗೆಗೆ ಇಪ್ಪತ್ನಾಲ್ಕು ನಿಮಿಷ, ಎರಡಕ್ಕೆ ನಲವತ್ತೆಂಟು.

"ಹೆಚ್ಚುಕಮ್ಮಿ ನಮ್ಮ ಪುಸ್ತಕದಲ್ಲೂ ಅಷ್ಟೇ ಇದೆ!" ಎಂದು ಕೂಗಿದಳು. ಕೂಡಲೇ ಅವಳ ಪ್ರೊಫೆಸರರಿಗೆ ಫೋನ್ ಹೋಯಿತು. ಒಬ್ಬ ಅಜ್ಜಿ ಚಂದ್ರನಿಗಾಗಿ ಉಪವಾಸವಿದ್ದಾರೆ, ಅರ್ಧ ಗಂಟೆ ಹೆಚ್ಚಿಗೆ ಬೇಕು. ಅವರು ಒಪ್ಪಿದರು.

ಒಂಬತ್ತರ ತನಕ ಅತ್ತೆ ಕುರ್ಚಿಯಲ್ಲಿ ಕೂತು ಪಾಠ ಹೇಳಿದರು, ಎಲ್ಲರೂ ಸುತ್ತ ನಿಂತು ಕೇಳಿದರು. ನನಗೆ ಒಂದು ಕೆಲಸ ಕೊಟ್ಟರು. ತಂಬಿಗೆ ಹಿಡಿದುಕೊಂಡು ನಿಲ್ಲುವುದು.

ಒಂಬತ್ತು ಹದಿನೆಂಟು ಆಯಿತು. ಎಲ್ಲರೂ ಪೂರ್ವಕ್ಕೆ, ವಿಕ್ರೋಳಿ ಕಡೆ ನೋಡುತ್ತಾ ನಿಂತರು. ಇನ್ನೂ ಎಂಟು ನಿಮಿಷ ಕಳೆದ ಮೇಲೆ ಕಟ್ಟಡಗಳ ಮೇಲಿಂದ ಅರಿಶಿನ ಬಣ್ಣದ ಚಂದ್ರ ಎದ್ದ. ಒಂದು ಮಗ್ಗುಲು ಸವೆದಿತ್ತು. ಅತ್ತೆ ಹೇಳಿದ ಹಾಗೇ! ಜನ ಚಪ್ಪಾಳೆ ತಟ್ಟಿದರು. ಅತ್ತೆ ಬರಿಗಣ್ಣಿನಿಂದಲೇ ನೋಡಿ ಅರ್ಘ್ಯ ಬಿಟ್ಟರು. ಕಡ್ಡಿಪೆಟ್ಟಿಗೆ ಗೇಟಿನಲ್ಲಿತ್ತಾದ್ದರಿಂದ ನೀಲಾಂಜನದ ಹಿಂದೆ ಅನುಜಾ ತನ್ನ ಕೆಂಪು ಟಾರ್ಚ್ ಹಿಡಿದಳು. ಆರತಿಯೂ ಆಯಿತು.

ಒಂಬತ್ತೂವರೆಗೆ ಅತ್ತೆಯ ಬಾಯಿಗೆ ಮೋದಕ ಬಿತ್ತು. ಮಾತು ಉಳಿಯಿತು! ಹಾಸ್ಟೆಲಿನ ಊಟ ತಿಂದು ಬೇಸತ್ತಿದ್ದ ಅನುಜಾಗೆ ಎರಡು, ಹೋಟೆಲಿನವರಿಗೆ ಒಂದು, ಹೀಗೆ ಶೈಲಾ ಹಂಚುತ್ತಾ ಬಂದಳು. ಇಪ್ಪತ್ತೊಂದೂ ಮುಗಿದ ಮೇಲೆ ನನ್ನ ಸರದಿ ಬಂತು.

ಹೊರಡುವಾಗ ಅನುಜಾ ನನ್ನ ಎದೆಯ ಹಸಿರು ಸ್ಟಿಕ್ಕರನ್ನು ಮೆಲ್ಲಗೆ ಕಿತ್ತು ಅತ್ತೆಯ ಸೆರಗಿಗೆ ಅಂಟಿಸಿದಳು.

ಮುಂದಿನ ವೀಕ್ಷಣೆಗೆ ಅತ್ತೆಯವರಿಗೆ ವಿಶೇಷ ಆಹ್ವಾನ ಬಂದಿದೆ. ಮನೆಯವರೂ ಜೊತೆಗೆ ಬರಬಹುದು. ಈ ಸಲ ಅರ್ಜಿ ತುಂಬಿದವಳು ಶೈಲಾ. ಅತ್ತೆಗೆ 'ಚೆನ್ನಾಗಿದೆ' ಎಂದು ಒತ್ತಿದಳು. ನನ್ನ ಹೆಸರು ಬಂದಾಗ ಅವಳ ಬೆರಳು ನೆಟ್ಟಗೆ 'ಇಲ್ಲ'ದ ಕಡೆ ಹೋಯಿತು. ಅತ್ತೆಗೆ ಪಾಪ ಅನ್ನಿಸಿತು.

"'ಸ್ವಲ್ಪ' ಅಂತ ಹಾಕ ಶೈಲಾ. ಪಶ್ಚಿಮ ಯಾವ ಕಡೆ ಅನ್ನೂದರೆ ಈಗ ಕಲ್ತಾರ."

ಶೈಲಾ ಒಪ್ಪಲಿಲ್ಲ.