ಹೊಸ ಲ್ಯಾಪ್‌ಟಾಪೂ ‘ಹೌದಂತೆ’ ಸಾಹುಕಾರರೂ

ನಮ್ಮ ಸಾಹುಕಾರರಿಗೆ ಒಂದು ಅಭ್ಯಾಸ. ಗಿರಾಕಿ ಏನೇ ಕೇಳಲಿ, ಕನ್ನಡಕವನ್ನು ಹಣೆಗೇರಿಸಿ, ಅಂಗಡಿಯ ಒಳಗಿನ ಪರದೆ ಕಡೆ ಕತ್ತು ತಿರುಗಿಸಿ, “ಹೌದೇನಮ್ಮಾ?” ಅಂತ ಕೂಗುತ್ತಾರೆ. ಒಳಗಿಂದ ಉತ್ತರ ಬರುವ ತನಕ ಕಾಯುವುದಿಲ್ಲ. ಕನ್ನಡಕವನ್ನು ಮೂಗಿಗಿಳಿಸಿ ಗಿರಾಕಿಗೆ “ಹೌದಂತೆ” ಅಂದುಬಿಡುತ್ತಾರೆ. ಪರದೆ ಹಿಂದಿರುವ ಆ ‘ಅಮ್ಮ’ ನಾನು.

ತರೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರ ಅವರದೊಂದು ಕಂಪ್ಯೂಟರ್ ಅಂಗಡಿ. ಮಾರಿದ ಹೊಸ ಲ್ಯಾಪ್‌ಟಾಪನ್ನು ಗಿರಾಕಿಯ ಕೈಗೆ ಕೊಡುವ ಮುಂಚೆ ಸಜ್ಜು ಮಾಡುವುದು ನನ್ನ ಕೆಲಸ. ಪಾಸ್‌ವರ್ಡ್ ಹಾಕಿಸಬೇಕು, ಅಕ್ಷರ ದೊಡ್ಡದು ಮಾಡಬೇಕು, ಕನ್ನಡ ಕೀಬೋರ್ಡ್ ಸೇರಿಸಬೇಕು, ಕೇಳದೇ ಬಂದು ಕೂತಿರುವ ಆ್ಯಪ್‌ಗಳನ್ನೆಲ್ಲ ಎಬ್ಬಿಸಿ ಕಳಿಸಬೇಕು. ಇದಕ್ಕೆ ಮಾತು ಬೇಕಿಲ್ಲ ಅಂತಲೇ ನಾನು ಈ ಕೆಲಸಕ್ಕೆ ಸೇರಿದ್ದು. ಓದಿದ್ದು ಇಂಗ್ಲಿಷ್ ಮೀಡಿಯಂ. ಸ್ಕೂಲಿನಲ್ಲಿ ಕನ್ನಡ ಮಾತಾಡಿದರೆ ಫೈನು, ಇಂಗ್ಲಿಷ್ ಮಾತಾಡಲು ಭಯ. ಅಷ್ಟೂ ವರ್ಷ ಸುಮ್ಮನೆ ಕೂತಿದ್ದೆ. ಅದೇ ರೂಢಿಯಾಯಿತು.

ಇಂಥದ್ದರಲ್ಲಿ ಸಾಹುಕಾರರು ಕಡೂರಿನಲ್ಲೊಂದು ಅಂಗಡಿ ಇಡಲು ಹೊರಟರು. ನಮ್ಮ ಮನೆ ಇರುವುದೇ ಕಡೂರಿನಲ್ಲಿ. ದಿನಾ ಬೆಳಿಗ್ಗೆ ರೈಲಿಗೆ ಓಡುವುದು ತಪ್ಪುತ್ತದೆ, ಅಂಗಡಿಯನ್ನು ನಾನೇ ನಡೆಸಬಹುದು ಅಂತ ನನಗೆ ತುಂಬ ಆಸೆ. ಅವರಿಗೂ ಮನಸ್ಸಿತ್ತು.

“ಕೆಲಸ ನಿಂದು ಫಸ್ಟ್ ಕ್ಲಾಸ್ ಕಣಮ್ಮ. ಆದ್ರೆ ಅಂಗಡಿ ಅಂದ್ಮೇಲೆ ಬಾಯಿ ಬೇಕಲ್ಲ? ದೀಪಾವಳಿ ಒಳಗೆ ಬಾಯಿ ಬಿಟ್ಟೆಯೋ, ಕಡೂರು ನಿಂದು. ಇಲ್ಲಾಂದ್ರೆ ನಮ್ಮ ಬಾಮೈದ ಇದ್ದೇ ಇದಾನೆ.”

ಬಾಮೈದನಿಗೆ ಲ್ಯಾಪ್‌ಟಾಪನ್ನು ಯಾವ ಕಡೆಯಿಂದ ತೆರೆಯಬೇಕು ಅಂತ ಗೊತ್ತಿರಲಿಲ್ಲ. ಬಾಯಿಯನ್ನು ಯಾವ ಕಡೆಯಿಂದ ಮುಚ್ಚಬೇಕು ಅಂತಲೂ ಗೊತ್ತಿರಲಿಲ್ಲ.

ಇಂಥ ಅಂಗಡಿಯಲ್ಲಿ ದಿನಕ್ಕೊಂದು ಏನಾದರೂ ಆಗದಿದ್ದರೆ ಶಟರ್ ಎಳೆಯಲು ಮನಸ್ಸೇ ಬರುವುದಿಲ್ಲ. ಕೆಲವನ್ನು ಹೇಳುತ್ತೇನೆ.

ಹಲ್ಲಿ

ಹೊಸ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದರೆ ‘ಟುಕ್‌ಟುಕ್’ ಅಂತ ಸಣ್ಣ ಸದ್ದು ಬರುತ್ತದೆ. ಅದೊಂದು ದೊಡ್ಡ ವಿಷಯ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಅವತ್ತು ಹೊರಗೆ ಒಬ್ಬ ಗಿರಾಕಿ ಚೌಕಾಸಿಗೆ ಕೂತಿದ್ದರು. “ಶಿವಮೊಗ್ಗದಲ್ಲಿ ಇದೇ ಐಟಮ್ಮು ಇನ್ನೂ ಕಮ್ಮಿಗೆ ಕೊಡ್ತಾರೆ ಸಾವ್ಕಾರ್ರೆ” ಅಂದರು. ಅದೇ ಹೊತ್ತಿಗೆ ನಾನು ಪರದೆ ಹಿಂದೆ ಪೆನ್‌ಡ್ರೈವ್ ಚುಚ್ಚಿದೆ. ಟುಕ್‌ಟುಕ್.

ಗಿರಾಕಿ ಗೆಣ್ಣಿನಿಂದ ಟೇಬಲ್ ಕುಟ್ಟಿ, “ಶಿವ ಶಿವ! ನೋಡಿ, ಹಲ್ಲಿ ಲೊಚಗುಟ್ತು. ನನ್ ಮಾತು ಸತ್ಯ” ಅಂದರು.

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಅಂತ ನಮ್ಮ ಸಾಹುಕಾರರೂ ನಂಬುವವರೇ. ಅವರ ಕೈ ತಾನಾಗಿ ಟೇಬಲ್ ಕುಟ್ಟಿತು. ರೇಟು ಸ್ವಲ್ಪ ಇಳಿಯಿತು.

“ಇನ್ನು ಇಳ್ಸಿದ್ರೆ ನನಗೆ ಏನೂ ಗಿಟ್ಟಲ್ಲ ಕಣ್ರೀ” ಅಂದು ಸಾಹುಕಾರರು ಗೋಡೆ ಕಡೆ ನೋಡುತ್ತಾ ಕಾದರು. ನನ್ನ ಕೆಲಸ ಮುಗಿದಿತ್ತು, ಸದ್ದೇ ಇಲ್ಲ.

“ಹಲ್ಲಿಗೂ ಗೊತ್ತು ಬಿಡಿ, ನಿಮ್ಗೆ ಎಷ್ಟು ಗಿಟ್ಟುತ್ತೆ ಅಂತ” ಅಂದರು ಗಿರಾಕಿ.

ಅವರು ಹೋದ ಮೇಲೆ ಸಾಹುಕಾರರು ಪೊರಕೆ ಹಿಡಿದು ಗೋಡೆ ಗೋಡೆ ಹುಡುಕಿದರು. ನಾನು ಕರೆದು ಪೆನ್‌ಡ್ರೈವನ್ನು ಚುಚ್ಚಿ ತೋರಿಸಿದೆ. ಅವರು ಪೊರಕೆ ಕೆಳಗಿಟ್ಟರು. ಅವತ್ತಿನಿಂದ ಅಂಗಡಿಯ ಕಾನೂನು: ಯಾವ ಲ್ಯಾಪ್‌ಟಾಪ್ ಡಬ್ಬದಿಂದ ಹೊರಗೆ ಬಂದರೂ ಮೊದಲ ಸೆಟ್ಟಿಂಗ್, ಸದ್ದು ಸೊನ್ನೆ.

ಯಜಮಾನ್ರ ಹೆಸರು

ಅಜ್ಜಂಪುರದ ಒಂದು ಮಹಿಳಾ ಸಂಘಕ್ಕೆ ಲ್ಯಾಪ್‌ಟಾಪ್ ಕೊಟ್ಟಿದ್ದೆವು. ತೆಗೆದುಕೊಂಡು ಹೋಗಲು ಬಂದದ್ದು ಕಾರ್ಯದರ್ಶಿ ಆಂಟಿಯ ಗಂಡ. “ಮರೆಯದಿರೋ ಪಾಸ್‌ವರ್ಡ್ ಹಾಕಿ” ಅಂತ ನಾನು ಸ್ಕ್ರೀನಿನಲ್ಲಿ ಟೈಪ್ ಮಾಡಿ ತೋರಿಸಿದ್ದೆ. ಅವರು ಮರೆಯದಂಥದ್ದನ್ನೇ ಹಾಕಿದರು. ತಮ್ಮದೇ ಹೆಸರು.

ವಾರದಲ್ಲಿ ಆಂಟಿ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಅವುಚಿಕೊಂಡು ಬಂದರು. “ತೆಗೆಯೋಕೆ ಆಗ್ತಿಲ್ಲ ಕಣಮ್ಮ.”

“ಪಾಸ್‌ವರ್ಡ್ ಗೊತ್ತಿಲ್ವಾ ಆಂಟಿ?” ಅಂದೆ. ಹೆಂಗಸರ ಹತ್ತಿರ ನನಗೆ ಇಷ್ಟು ಮಾತು ಬರುತ್ತದೆ.

“ಗೊತ್ತಿಲ್ದೇ ಏನು? ನಮ್ಮ ಯಜಮಾನ್ರ ಹೆಸರು.”

“ಹೇಳಿ, ಹಾಕ್ತೀನಿ.”

ಆಂಟಿ ಕೆಂಪಗಾದರು. “ಅಯ್ಯೋ, ಅವ್ರ ಹೆಸರು ಬಾಯಲ್ಲಿ ಹೇಳ್ತಾರೇನೇ?”

ಸರಿ, ನೀವೇ ಟೈಪ್ ಮಾಡಿ ಅಂತ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಬೆರಳನ್ನು ಕೀ ಹತ್ತಿರ ತಂದು ಹಿಂದೆಳೆದುಕೊಂಡರು. “ಒತ್ತಿದ್ರೂ ಹೇಳ್ದಂಗೇ ಅಲ್ವೇನಮ್ಮ?”

ಕೊನೆಗೆ ಮದುವೆ ಮನೆಯಲ್ಲಿ ಹೇಳುವ ಹಾಗೆ ಒಗಟು ಕಟ್ಟಿ ಹೇಳಿದರೆ ದೋಷವಿಲ್ಲ ಅಂತ ಅವರೇ ದಾರಿ ಹುಡುಕಿಕೊಂಡರು. ಸೆರಗು ಸರಿಮಾಡಿಕೊಂಡು, ಗೋಡೆ ನೋಡುತ್ತಾ ಶುರು ಮಾಡಿದರು:

“ಬುಟ್ಟಿ ತುಂಬ ಸೇವಂತಿಗೆ, ಕಟ್ಟಿ ಕೊಟ್ಟೆ ದೇವರಿಗೆ, ಸಾರಿಗೆ ಉಪ್ಪು ಕಮ್ಮಿ ಅಂತ ಮುಖ ಊದಿಸ್ಕೊಂಡು ಕೂತ್ರು ನಮ್ಮ...”

ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಪಾಸ್‌ವರ್ಡ್ ಅಲ್ಲವೇ. ಲ್ಯಾಪ್‌ಟಾಪ್ ತೆರೆಯಿತು. ದಿನಾ ಒಗಟು ಕಟ್ಟಲು ಯಾರಿಂದಾಗುತ್ತದೆ? ಬದಲಾಯಿಸೋಣ, ಏನಿಡಲಿ ಅಂತ ಕೇಳಿದೆ.

“ನಮ್ಮತ್ತೆ ಹೆಸರಿಡಮ್ಮ” ಅಂದರು ಆಂಟಿ. “ಅದನ್ನ ಹೇಳೋಕೆ ನಾಚಿಕೆ ಏನಿಲ್ಲ. ಬೆಳಗಾಗೆದ್ರೆ ಅದನ್ನೇ ಹಿಡಿದು ಬೈತಿರ್ತೀನಿ.”

ಅವರು ಹೋದ ಮೇಲೆ ಸಾಹುಕಾರರು ನಿಟ್ಟುಸಿರುಬಿಟ್ಟರು. “ಆಯಮ್ಮ ಒಗಟಲ್ಲಾದ್ರೂ ಬಾಯಿ ಬಿಟ್ಟಳು. ನೀನು ಗಂಡಸು ಗಿರಾಕಿಗಳ ಮುಂದೆ ಒಗಟೂ ಹೇಳಲ್ವಲ್ಲಮ್ಮ!”

ಹಣೆ

ಹಿರೇನಲ್ಲೂರಿನ ಒಬ್ಬ ಅಣ್ಣನಿಗೆ ಮುಖ ನೋಡಿ ತೆರೆಯುವ ಲ್ಯಾಪ್‌ಟಾಪ್ ಬೇಕಾಗಿತ್ತು. ಸೆಟ್ ಮಾಡಿಕೊಟ್ಟೆ. ಎದುರಿಗೆ ಕೂತರೆ ಸಾಕು, ತೆರೆದುಕೊಳ್ಳುತ್ತದೆ. ಅವರು ಅದರ ಮುಂದೆ ಎದ್ದು ಕೂತು, ಎದ್ದು ಕೂತು ಖುಷಿಪಟ್ಟು ಹೋದರು.

ಮಾರನೇ ದಿನವೇ ವಯಸ್ಸಾದ ತಾಯಿಯನ್ನೂ ಕರೆದುಕೊಂಡು ವಾಪಸ್. “ನೆನ್ನೆ ಕಂಡವನು ನಾನೇ ಕಣ್ರೀ, ಇವತ್ತು ಇದು ಗುರುತೇ ಹಿಡೀತಿಲ್ಲ!”

ಬಾಮೈದ ಅಲ್ಲೇ ಕೂತಿದ್ದ. “ರಾತ್ರಿ ನಿದ್ದೆ ಆಗಿಲ್ವೇನೋ ನಿಮ್ಗೆ, ಮುಖ ಬಾಡಿದೆ” ಅಂತ ಕಾರಣ ಕೊಟ್ಟ.

ನಾನು ತೆರೆದು ನೋಡಿದೆ. ಸ್ಕ್ರೀನಿನ ಮೇಲಂಚಿನ ಉದ್ದಕ್ಕೂ ಬೆಳ್ಳಗೆ ವಿಭೂತಿ, ಮೂರು ಬೆರಳಿನ ಗೆರೆ. ಕ್ಯಾಮೆರಾ ಅದರ ಕೆಳಗೆಲ್ಲೋ ಧ್ಯಾನದಲ್ಲಿತ್ತು.

“ಹೊಸ ವಸ್ತು ಮನೆಗೆ ಬಂದ್ರೆ ಪೂಜೆ ಮಾಡ್ದೇ ಇರ್ತಾರಾ?” ಅಂದರು ಅಜ್ಜಿ. “ಹಣೆ ಇರೋದು ಮೇಲ್ಗಡೆ ತಾನೇ? ಅದಕ್ಕೇ ಅಲ್ಲಿ ಹಚ್ದೆ.”

ನಾನು ಬಟ್ಟೆ ತೆಗೆದುಕೊಂಡೆ. ಅಜ್ಜಿ ನನ್ನ ಕೈ ಹಿಡಿದರು. “ಒರೆಸ್ಬೇಡ್ವೇ ತಾಯಿ.”

ಮಗ ರೇಗಿದರು. “ಅವ್ವಾ, ಆ ವಿಭೂತಿಯಿಂದ್ಲೇ ಅದಕ್ಕೆ ನನ್ ಗುರುತು ಸಿಗ್ತಿಲ್ಲ!”

ಅಜ್ಜಿ ಮಗನ ಬೋಳು ಹಣೆಯನ್ನು ದಿಟ್ಟಿಸಿ ನೋಡಿದರು. “ವಿಭೂತಿ ಹಚ್ಕೊಂಡಿರೋದಕ್ಕೆ ನಿನ್ನ ಗುರುತು ಸಿಗ್ಲಿಲ್ಲ ಅಂದ್ರೆ ತಪ್ಪು ಅದರದಾ? ನೀನು ಹಚ್ಕೊಂಡು ಎಷ್ಟು ವರ್ಷ ಆಯ್ತೋ, ಮೊದ್ಲು ಅದು ಹೇಳು!”

ಆ ಲ್ಯಾಪ್‌ಟಾಪಿಗೆ ಕೊನೆಗೆ ಪಿನ್ ನಂಬರ್ ಇಟ್ಟು ಕಳಿಸಿದೆ. ವಿಭೂತಿ ಹಾಗೇ ಇದೆ.

ಎಸ್ಕೇಪ್

ದೀಪಾವಳಿ ಹತ್ತಿರ ಬಂತು. ನನಗೆ ಬಾಯಿ ಬಂದಿರಲಿಲ್ಲ. ಬಾಮೈದ ಕಡೂರು ಅಂಗಡಿಯ ಬೋರ್ಡಿಗೆ ಬಣ್ಣ ಆರಿಸುತ್ತಿದ್ದ.

ಅವತ್ತು ಬುಕ್ಕಾಂಬುಧಿಯಿಂದ ಕಾಯಿ ವ್ಯಾಪಾರಿ ಒಬ್ಬರು ಬಂದರು. “ಸೌಂಡ್ ಫುಲ್ ಇಟ್ಟು ತೋರ್ಸಿ” ಅಂದರು. ತೋರಿಸಿದ್ದಾಯಿತು. “ಕಣ್ಣು ಮಂಜು, ಅಕ್ಷರ ದಪ್ಪಗೆ ಮಾಡಿಸ್ಕೊಡಿ” ಅಂತ ಹೇಳಿ ಸಾಹುಕಾರರು, ಬಾಮೈದ ಇಬ್ಬರ ಜೊತೆ ಟೀ ಕುಡಿಯುತ್ತಾ ಕೂತರು. ನಾನು ಲ್ಯಾಪ್‌ಟಾಪನ್ನು ಪರದೆ ಹಿಂದಕ್ಕೆ ತಂದೆ. ಸದ್ದು ಫುಲ್ ಇರುವುದು ಮರೆತೇ ಹೋಗಿತ್ತು.

ಕಿಟಕಿ ಚಿತ್ರದ ಕೀ ಜೊತೆ ಪ್ಲಸ್ ಒತ್ತಿದರೆ ಸ್ಕ್ರೀನಿನಲ್ಲಿರುವುದೆಲ್ಲ ದೊಡ್ಡದಾಗುತ್ತದೆ. ಗಡಿಬಿಡಿಯಲ್ಲಿ ಕಂಟ್ರೋಲ್, ಕಿಟಕಿ, ಎಂಟರ್ ಮೂರೂ ಒಟ್ಟಿಗೆ ಒತ್ತಿಬಿಟ್ಟೆ. ಅದು ಕಣ್ಣು ಕಾಣದವರಿಗಾಗಿ ಇರುವ ಸೌಲಭ್ಯ. ಸ್ಕ್ರೀನಿನಲ್ಲಿ ಇರುವುದನ್ನೆಲ್ಲ ಒಂದು ಹೆಣ್ಣು ದನಿ ಗಟ್ಟಿಯಾಗಿ ಓದುತ್ತದೆ.

“ಸೆಟ್ಟಿಂಗ್ಸ್, ವಿಂಡೋ. ಡಿಸ್‌ಪ್ಲೇ. ಬ್ರೈಟ್‌ನೆಸ್, ಫಿಫ್ಟಿ ಪರ್ಸೆಂಟ್” ಅಂತು ದನಿ.

ಹೊರಗೆ ಟೀ ಲೋಟ ಇಟ್ಟ ಸದ್ದು. ಆಮೇಲೆ ಕಾಯಿ ವ್ಯಾಪಾರಿ, “ಯಾರ್ರೀ ಅದು ಒಳಗೆ? ಏನ್ ಇಂಗ್ಲಿಷ್ ರೀ ಅದು!”

“ನಮ್ಮ ಹುಡುಗಿ” ಅಂದರು ಸಾಹುಕಾರರು. “ನಮ್ಮ ಹುಡುಗಿ ಬಾಯಿ ಬಿಟ್ಟಳು!”

ನಾನು ನಿಲ್ಲಿಸಲು ಸಿಕ್ಕ ಸಿಕ್ಕ ಕೀ ಒತ್ತಿದೆ. ಒತ್ತಿದ್ದನ್ನೆಲ್ಲ ಅದು ಕೂಗಿ ಹೇಳಿತು. ಎಸ್ಕೇಪ್ ಒತ್ತಿದೆ.

“ಎಸ್ಕೇಪ್” ಅಂತು. ಇನ್ನೊಮ್ಮೆ ಒತ್ತಿದೆ. “ಎಸ್ಕೇಪ್.”

“ಎಸ್ಕೇಪ್ ಅಂದ್ರೇನೋ?” ಸಾಹುಕಾರರು ಬಾಮೈದನನ್ನು ಕೇಳಿದರು.

“ತಪ್ಪಿಸ್ಕೊಂಡು ಹೋಗು ಅಂತ ಭಾವ.”

“ನೀವು ಹೇಳಿದ ರೇಟು ಕೇಳಿಸ್ಕೊಂಡಿರ್ಬೇಕು” ಅಂದರು ಕಾಯಿ ವ್ಯಾಪಾರಿ. “ಒಳ್ಳೇ ಹುಡುಗಿ ಕಣ್ರೀ, ನನಗೆ ಮೊದ್ಲೇ ಎಚ್ಚರಿಸ್ತಾಳೆ!”

ದನಿಯನ್ನು ಅಂತೂ ಅಡಗಿಸಿ ಹೊರಗೆ ಓಡಿ ಬಂದೆ. ಮಾತಾಡಿದ್ದು ನಾನಲ್ಲ, ಮೆಷಿನ್ನು ಅಂತ ಹೇಳಬೇಕಿತ್ತು. ಮೂರು ಜೊತೆ ಕಣ್ಣು ನನ್ನ ಮೇಲಿತ್ತು. ನನ್ನ ಬಾಯಿಂದ ಹೊರಟದ್ದು, “ಅದು...”

“ಸಾಕು ಬಿಡಮ್ಮ” ಅಂದರು ಸಾಹುಕಾರರು, ಕಣ್ಣೊರೆಸಿಕೊಂಡು. “ಒಂದೇ ದಿನಕ್ಕೆ ಎಷ್ಟು ಅಂತ ಮಾತಾಡ್ತೀಯ? ಗಂಟಲು ನೋಯುತ್ತೆ. ಕಡೂರು ನಿಂದು.”

ಎರಡು ಮಾತು

ಕಡೂರು ಅಂಗಡಿ ಶುರುವಾದ ದಿನ ನಾನು ಬೆಳಿಗ್ಗೆಯೇ ಹೋಗಿ ಟೇಬಲ್ ಮೇಲಿಡುವ ಲ್ಯಾಪ್‌ಟಾಪನ್ನು ಸಜ್ಜು ಮಾಡಿದೆ. ಪೂಜೆ ಆಯಿತು. ಈ ಸಲ ವಿಭೂತಿಯನ್ನು ಮುಚ್ಚಳದ ಹೊರಗೇ ಹಚ್ಚಿಸಿದೆ. ನಮ್ಮ ಅಮ್ಮ, ಅಕ್ಕಪಕ್ಕದ ಅಂಗಡಿಯವರು, ಪ್ರಸಾದಕ್ಕೆ ಬಂದವರು, ಎಲ್ಲ ತುಂಬಿಕೊಂಡಿದ್ದರು. ಬುಕ್ಕಾಂಬುಧಿಯ ಕಾಯಿ ವ್ಯಾಪಾರಿ ಹೆಂಡತಿ, ಮಗಳ ಸಮೇತ ಬಂದಿದ್ದರು.

“ಇವಳೇ ನೋಡು” ಅಂತ ಮಗಳಿಗೆ ನನ್ನನ್ನು ತೋರಿಸಿದರು. “ನೀರು ಕುಡಿದಂಗೆ ಇಂಗ್ಲಿಷ್ ಮಾತಾಡ್ತಾಳೆ. ಸಾವ್ಕಾರ್ರೆ, ಅವತ್ತು ಮಾತಾಡಿದಂಗೆ ಒಂದ್ಸಲ ಮಾತಾಡಿಸ್ರೀ. ನಮ್ಮ ಹುಡುಗಿ ಕೇಳಿಸ್ಕೊಳ್ಲಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಸ್ಕೂಲಿನಲ್ಲೂ ನನ್ನನ್ನು ಕೇಳಲು ಇಷ್ಟು ಜನ ಕಾದಿರಲಿಲ್ಲ. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನೀನಾ? ಬಾಮೈದ ಬಾಯಿ ಅರ್ಧ ತೆರೆದುಕೊಂಡು ನನ್ನ ಬದಲು ಮಾತಾಡಲು ಸಿದ್ಧನಾಗಿ ನಿಂತಿದ್ದ.

ತುಟಿ ಸ್ವಲ್ಪ ಆಡಿಸಿದರೆ ಸಾಕು, ಉಳಿದದ್ದನ್ನು ಆ ದನಿ ನೋಡಿಕೊಳ್ಳುತ್ತದೆ ಅನ್ನಿಸಿತು. ಕೈ ನಿಧಾನಕ್ಕೆ ಲ್ಯಾಪ್‌ಟಾಪಿನ ಮೇಲೆ ಹೋಯಿತು. ಕಂಟ್ರೋಲ್, ಕಿಟಕಿ, ಎಂಟರ್. ಮೂರೂ ಒತ್ತಿ ತುಟಿ ತೆರೆದೆ. ಸ್ಕ್ರೀನಿನ ಮೇಲೆ ನೀಲಿ ಚೌಕವೊಂದು ಕಾಣಿಸಿಕೊಂಡಿತು. ದನಿ ಇಲ್ಲ.

ಆಗ ನೆನಪಾಯಿತು. ಬೆಳಿಗ್ಗೆ ಡಬ್ಬದಿಂದ ತೆಗೆದ ಕೂಡಲೇ ನಾನೇ ಮಾಡಿದ್ದ ಮೊದಲ ಸೆಟ್ಟಿಂಗ್. ಅಂಗಡಿಯ ಕಾನೂನು. ಸದ್ದು ಸೊನ್ನೆ.

ಸಾಹುಕಾರರು ಕನ್ನಡಕವನ್ನು ಹಣೆಗೇರಿಸಿದರು. “ಎರಡೇ ಎರಡು ಮಾತು. ಹೇಳ್ತೀಯೇನಮ್ಮಾ?”

ಈಗ ಕನ್ನಡಕ ಮೂಗಿಗೆ ಇಳಿಯುತ್ತದೆ, ಎಂದಿನ ಹಾಗೆ ಅವರೇ ಏನಾದರೂ ಹೇಳಿ ಮುಗಿಸುತ್ತಾರೆ ಅಂತ ಕಾದೆ. ಕನ್ನಡಕ ಇಳಿಯಲಿಲ್ಲ. ಅವರು ಮೊಟ್ಟಮೊದಲ ಸಲ ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದರು.

“ಹೇಳಮ್ಮಾ” ಅಂದರು.