ಅಲ್ಪವಿರಾಮಕ್ಕೆ ಹುಟ್ಟಿದ ಹಸು

ಪ್ರೋಗ್ರಾಮು ಬರೆಯೋರಿಗೆ ತಪ್ಪು ಹುಡುಕದ ದಿನ ಅಂತ ಒಂದು ಇರೋದೇ ಇಲ್ಲ. ನನ್ನ ತಪ್ಪುಗಳು ಮಾತ್ರ ಕೊಟ್ಟಿಗೆವರೆಗೂ ಹೋಗಿ ಬರ್ತಿದ್ವು.

ನನಗೆ ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಕಂಪ್ಯೂಟರ್ ಕೆಲಸ. ಊರು ತ್ಯಾಮಗೊಂಡ್ಲು ಹತ್ತಿರ. ಕಾಲುಬಾಯಿ ರೋಗದ ಚುಚ್ಚುಮದ್ದಿಗೆ ಮುಂಚೆ ನಮ್ಮೂರಿನವರು ಹಸುಗಳ ವಿವರ ಬರೆದು ದನದ ಡಾಕ್ಟರಿಗೆ ಮೆಸೇಜ್ ಮಾಡ್ತಿದ್ದರು. ಒಬ್ಬೊಬ್ಬರದು ಒಂದೊಂದು ಥರ. ಡಾಕ್ಟರು ರಜಾ ದಿನವೆಲ್ಲ ಕೂತು ಅದನ್ನ ಪಟ್ಟಿ ಮಾಡೋದು ನೋಡಿ ಪಾಪ ಅನ್ನಿಸ್ತು. ಮೆಸೇಜ್ ಓದಿ ತಾನೇ ಪಟ್ಟಿ ಮಾಡೋ ಒಂದು ಟೂಲ್ ಬರೆಯೋಕೆ ಕೂತೆ. ಓಪನ್ ಸೋರ್ಸ್. ಅಂದರೆ ಅದರ ಕೋಡನ್ನ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ನಗಬಹುದು.

೧

ಹಸುವಿನ ವಯಸ್ಸು ವರ್ಷದಲ್ಲಿ ಬರುತ್ತೆ ಅಂದುಕೊಂಡು ಬರೆದಿದ್ದೆ. ನಮ್ಮೋರು "ಎರಡು ಹಲ್ಲು", "ಆರು ಹಲ್ಲು" ಅಂತ ಕಳಿಸಿದರು. ಟೂಲ್ ಅಲ್ಲೇ ನಿಂತುಹೋಯ್ತು. ಕೋಡು ನೋಡ್ತಿದ್ದ ಯಾವುದೋ ದೂರದೇಶದ ಪುಣ್ಯಾತ್ಮ ಬರೆದು ಕೇಳಿದ: "ನಿಮ್ಮ ಕಡೆ ವಯಸ್ಸನ್ನ ಹಲ್ಲಿನಲ್ಲಿ ಎಣಿಸ್ತಾರಾ?"

"ಹೌದು, ದನಗಳಿಗೆ ಹಾಗೇ" ಅಂದೆ.

ಒಂದೇ ದಿನದಲ್ಲಿ ಹಲ್ಲನ್ನ ವರ್ಷ ಮಾಡೋ ಕೋಡು ಬರೆದು ಕಳಿಸಿದ. ಕೆಳಗೆ ಒಂದು ಸಾಲು: "ನನ್ನ ವಯಸ್ಸು ಸರಿಯಾಗಿ ಹೇಳಕ್ಕಾಗ್ತಿಲ್ಲ, ಹೋದ ವಾರ ಎರಡು ಕೀಳಿಸಿದೆ."

೨

ಅಲ್ಪವಿರಾಮ ಬಂದ ಕಡೆಯೆಲ್ಲ ಹೊಸ ಹಸು ಅಂತ ಟೂಲಿಗೆ ನಾನೇ ಹೇಳಿಕೊಟ್ಟಿದ್ದೆ. ಕೆರೆ ಪಕ್ಕದ ಮನೆ ತಾತ ಕಳಿಸಿದ್ದು: "ಕರಿ ಹಸು, ಹಣೇಲಿ ಬಿಳಿ ಚುಕ್ಕೆ." ಪಟ್ಟಿಯಲ್ಲಿ ಎರಡು ಹಸು ಬಂತು.

ಡಾಕ್ಟರು ಹೋಗಿ, "ಯಜಮಾನ್ರೇ, ಇನ್ನೊಂದೆಲ್ಲಿ?" ಅಂದರು.

"ಇರೋದೇ ಒಂದು ಸ್ವಾಮಿ."

"ಸೂಜಿಗೆ ಹೆದ್ರುಕೊಂಡು ಬಚ್ಚಿಡಬೇಡಿ. ಫೋನ್‌ನಲ್ಲಿ ಎರಡಿದೆ ನೋಡಿ."

ತಾತ ಫೋನನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಇದ್ರಾಗಿದ್ರೆ ಬಿಡಿಸ್ಕೊಡಿ ಸ್ವಾಮಿ, ಹಗ್ಗ ತರ್ತೀನಿ."

೩

ಅಲ್ಪವಿರಾಮ ಸರಿ ಮಾಡಿದೆ. ಆಮೇಲೆ ಒಬ್ಬರೇ ಎರಡೆರಡು ಸಲ ಮೆಸೇಜ್ ಕಳಿಸ್ತಾರೆ ಅಂತ, ಒಂದೇ ಹೆಸರು ಮತ್ತೆ ಬಂದರೆ ಒಂದನ್ನ ಅಳಿಸೋ ಹಾಗೆ ಬರೆದೆ. ನಮ್ಮ ಎದುರುಮನೆ ಅಜ್ಜಿಯ ಹೆಸರು, ಅವರ ಹಸುವಿನ ಹೆಸರು, ಎರಡೂ ಒಂದೇ. ಟೂಲ್ ಹಸುವನ್ನ ಅಳಿಸಿ ಅಜ್ಜಿಯನ್ನ ಉಳಿಸಿಕೊಂಡಿತು. ಡೈರಿಯವರು ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಅಜ್ಜಿಯ ಹೆಸರಿನ ಮುಂದೆ ಹೀಗಿತ್ತು: "ಎಂಟು ತಿಂಗಳ ಗಬ್ಬ. ಚುಚ್ಚುಮದ್ದು ಬೇಡ."

ಮೂರು ದಿನ ಅದನ್ನ ಊರೇ ಓದಿತು. ಗೋದಾಮು, ಮನೆ ಅಂತ ಓಡಾಡ್ತಿದ್ದ ನಾನು ಮಾತ್ರ ನೋಡಲಿಲ್ಲ.

ಭಾನುವಾರ ಡಾಕ್ಟರು ಬಂದರು. ಪಟ್ಟಿಯಲ್ಲಿ ಹಸುವೇ ಇಲ್ಲ, ಬಿಟ್ಟುಹೋಗಿರಬೇಕು ಅಂತ ಸೂಜಿ ತೆಗೆದರು. ಅಜ್ಜಿ ಓಡಿ ಬಂದು ಹಸುವಿನ ಮುಂದೆ ನಿಂತು ಕೂಗಿದರು: "ನಿಲ್ಲಪ್ಪಾ! ಗಬ್ಬ ಆಗಿರೋದು ಇದು, ನಾನಲ್ಲ!"

ಡಾಕ್ಟರು ಕೈ ಹಿಂದಕ್ಕೆ ತಗೊಂಡರು. ತುಂಬು ಗಬ್ಬದ ಹಸುವಿಗೆ ಏನಾದರೂ ಆಗಿದ್ದರೆ? ನಮ್ಮ ಬಾಗಿಲಲ್ಲಿ ನಿಂತು ನಾನು ಎಲ್ಲ ನೋಡ್ತಿದ್ದೆ. ಅಜ್ಜಿ ಹತ್ತಿರ ಓಡಿದೆ.

"ತಪ್ಪಾಯ್ತಜ್ಜಿ. ಈಗಲೇ ತಿದ್ದಿ ಬೇರೆ ಪಟ್ಟಿ ಅಂಟಿಸ್ತೀನಿ."

ಅಜ್ಜಿ ಒಂದು ಸಲ ಅಡುಗೆಮನೆ ಕಡೆ ನೋಡಿ, ನನ್ನ ಕೈ ಹಿಡಿದು ಮೆಲ್ಲಗೆ ಅಂದರು:

"ಹಸೂದು ತಿದ್ದು ತಾಯಿ. ನಂದು ಹಂಗೇ ಇರ್ಲಿ. ಪಟ್ಟಿ ಅಂಟ್ಸಿದಾಗಿಂದ ಸೊಸೆ 'ಭಾರ ಎತ್ಬೇಡಿ ಅತ್ತೆ, ಎಂಟು ತಿಂಗಳು' ಅಂತ ನಗ್ತಾ ನಗ್ತಾ ನೀರೆಲ್ಲ ತಾನೇ ಹೊರ್ತಾವ್ಳೆ. ಇನ್ನೂ ಒಂದು ತಿಂಗಳು ಬಾಕಿ ಐತೆ!"