ಹಂದಿ ಬೇಯುವವರೆಗೆ ತರಾವಾ

ಬೀಳ್ಕೊಡುಗೆಯ ಊಟ ಉಂಡ ಕುಟುಂಬವು ದ್ವೀಪದಲ್ಲಿ ಇರುವುದಿಲ್ಲ. ಇದು ಪೆಸಿಫಿಕ್ ಸಾಗರದ ಕಿರಿಬಾಟಿ ದೇಶದ ಮೂಲೆಯಲ್ಲಿರುವ ಒಂದು ಪುಟ್ಟ ದ್ವೀಪದ ಸಮಿತಿ ಮಾಡಿದ ನಿಯಮ. ಇದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ವಿಮಾನಕ್ಕೆ ಮಾತ್ರ ಅದು ತಿಳಿದಿರಲಿಲ್ಲ.

ರಾಕೆರಾಳ ಮಗಳಿಗೆ ರಾಜಧಾನಿ ತರಾವಾದಲ್ಲಿ ಚೊಚ್ಚಲ ಹೆರಿಗೆ. ಮಗು ಹುಟ್ಟುವಾಗ ಪಕ್ಕದಲ್ಲಿರಬೇಕೆಂದು ತಾಯಿಯ ಜೀವ ಒದ್ದಾಡುತ್ತಿತ್ತು. ಊರ ಚಾವಡಿಯಲ್ಲಿ ಹಂದಿ ಕಡಿದು, ತಲೆಗೆ ಹೂವಿನ ದಂಡೆ ಮುಡಿಸಿ, ಹಿರಿಯರೆಲ್ಲ ಮನಸಾರೆ ಅತ್ತು, ಅವಳನ್ನೂ ಗಂಡ ಟಮರೋವಾನನ್ನೂ ಅತ್ತೆಯನ್ನೂ ಕಳಿಸಿಕೊಟ್ಟರು. ವಿಮಾನ ಬರಲಿಲ್ಲ. ಅದರ ಬಾಗಿಲು ಮುಚ್ಚುತ್ತಿಲ್ಲವೆಂದು ರೇಡಿಯೊ ಹೇಳಿತು. ಮುಂದಿನ ವಿಮಾನ ಬಂದ ದಿನ ಬರುವುದೆಂದೂ ಹೇಳಿತು.

ಮೂವರೂ ಪೆಟ್ಟಿಗೆ ಹೊತ್ತು ಮನೆಗೆ ಮರಳಿದರೆ, ಬಾಗಿಲಲ್ಲಿ ಸಮಿತಿಯ ಗುಮಾಸ್ತ ಕಬೂರೆ ನಿಂತಿದ್ದ.

"ಎಲ್ಲಿಗೆ ಬಂದ್ರಿ ಅಕ್ಕಾ?"

"ನಮ್ಮನೆಗೆ ಕಣೋ."

"ನೀವು ಹೋಗಿದ್ದೀರಲ್ಲ! ನಾನೇ ಬಿಕ್ಕಿ ಬಿಕ್ಕಿ ಅತ್ತಿದ್ದೀನಿ. ಈಗ ನೀವು ಇಲ್ಲೇ ಇದ್ದೀರಿ ಅಂದ್ರೆ ನನ್ನ ಅಳು ಏನಾಗ್ಬೇಕು?"

"ಹಾಗಾದ್ರೆ ನಾವೀಗ ಎಲ್ಲಿದ್ದೀವಯ್ಯಾ?" ಎಂದ ಟಮರೋವಾ.

"ತರಾವಾದಲ್ಲಿ. ಇನ್ನೆಲ್ಲಿ ಭಾವ?"

ಹೀಗೆ ಕುಟುಂಬವು ವಿಮಾನ ಇಳಿಯುವ ಬಯಲಿನ ಗುಡಿಸಲಿನಲ್ಲಿ ತರಾವಾ ವಾಸ ಆರಂಭಿಸಿತು. ಸಮಿತಿ ಪ್ರಕಟಣೆ ಹೊರಡಿಸಿತು: "ಗೈರುಹಾಜರಿರುವವರು ಎದುರಾದಲ್ಲಿ ಸಾರ್ವಜನಿಕರು ಅವರನ್ನು ನೆನೆಸಿಕೊಳ್ಳಬಹುದು, ಮಾತನಾಡಿಸತಕ್ಕದ್ದಲ್ಲ. ಅವರ ಹಂದಿಗಳನ್ನು ಸಮಿತಿಯೇ ನೋಡಿಕೊಳ್ಳುವುದು." ಜನ ಚಾಚೂ ತಪ್ಪದೆ ನಡೆದುಕೊಂಡರು. ಪಕ್ಕದ ಮನೆಯಾಕೆ ಸುಟ್ಟ ಮೀನು ತಂದು ಗುಡಿಸಲ ಮುಂದಿಟ್ಟು, ಆಕಾಶ ನೋಡುತ್ತ, "ರಾಕೆರಾ ಇದ್ದಿದ್ರೆ ತಿಂತಿದ್ಲು, ಪಾಪ" ಎಂದು ನಿಟ್ಟುಸಿರಿಟ್ಟು ಹೋಗುತ್ತಿದ್ದಳು. ಅತ್ತೆ ಮೀನು ಚಪ್ಪರಿಸುತ್ತ, "ತರಾವಾ ಊಟ ಪರವಾಗಿಲ್ಲ ಕಣೇ, ಜನ ಸುಮ್ನೆ ಬೈತಾರೆ" ಎಂದಳು.

ವಿಮಾನದ ಬಾಗಿಲು ಸರಿಹೋಗುವ ಹೊತ್ತಿಗೆ ಚಾಲಕನಿಗೆ ಜ್ವರ ಬಂತು. ಸಂಸಾರಸ್ಥರು ಇಷ್ಟು ಕಾಲ ಪರವೂರಲ್ಲಿ ಉಳಿಯುವುದು ಚೆಂದವಲ್ಲವೆಂದು ಸಮಿತಿ ತೀರ್ಮಾನಿಸಿ, ಅವರನ್ನು ಬರಮಾಡಿಕೊಳ್ಳಲು ರಾಕೆರಾಳದ್ದೇ ಇನ್ನೊಂದು ಹಂದಿ ಕಡಿಸಿತು.

ಎಲ್ಲರೂ ಚಾವಡಿಯಲ್ಲಿ ಊಟಕ್ಕೆ ಕಾದಿದ್ದಾಗ ವಿಮಾನ ಇಳಿಯಿತು. ರಾಕೆರಾ ದಡಬಡಿಸಿ ಎದ್ದಳು. ಸಮಿತಿಯ ಅಧ್ಯಕ್ಷ, ಮುದುಕ ಬುರೆಯಿಮೋವಾ, ಕೈಯೆತ್ತಿದ.

"ಕೂತ್ಕೋ ತಾಯಿ. ಬೀಳ್ಕೊಡುಗೆ ಊಟ ಆಗದೆ ಯಾರೂ ಹೋಗೋ ಹಾಗಿಲ್ಲ. ಇದು ಸ್ವಾಗತದ್ದು."

"ಮಗಳು ಹೆರ್ತಿದಾಳೆ ಅಜ್ಜ!"

"ಹಂದಿ ಇನ್ನೂ ಬೆಂದಿಲ್ಲಮ್ಮ."

ವಿಮಾನ ಖಾಲಿ ಹಾರಿತು. ಅದರಿಂದ ಇಳಿದು ಬಂದವನೊಬ್ಬ, ರಾಕೆರಾಳ ಮಗಳಿಗೆ ಹೆಣ್ಣುಮಗು ಹುಟ್ಟಿ ಆಗಲೇ ವಾರವಾಯಿತೆಂದ. ರಾಕೆರಾಳ ಎದೆ ಒಡೆದುಹೋಯಿತು.

ಪ್ರಯಾಣದಿಂದ ಮರಳಿದವರು ಚಾವಡಿಯಲ್ಲಿ ನಿಂತು ಕಂಡದ್ದನ್ನು ಹೇಳಬೇಕೆನ್ನುವುದು ಅಲ್ಲಿಯ ಪದ್ಧತಿ. "ಮಗು ಯಾರ ಹಾಗಿದೆ?" ಎಂದು ಪಕ್ಕದ ಮನೆಯಾಕೆ ಅಕ್ಕರೆಯಿಂದ ಕೇಳಿದಳು.

ರಾಕೆರಾ ಚಾವಡಿಯ ನಡುವೆ ಬಂದು ನಿಂತಳು. ಆಮೇಲೆ, "ಇವರ ಮೂಗೇ ಬಂದಿದೆ" ಎಂದು ಗಂಡನ ಕಡೆ ಕೈ ತೋರಿಸಿದಳು. "ನನ್ನ ತೋಳಲ್ಲೇ ನಿದ್ದೆ ಹೋಯ್ತು. ಬಿಟ್ಟು ಬರೋಕೆ ಮನಸ್ಸೇ ಬರ್ಲಿಲ್ಲ."

ಚಾವಡಿಯೆಲ್ಲ ಕಣ್ಣೊರೆಸಿಕೊಂಡಿತು. ಟಮರೋವಾ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡು, ಹೌದೆಂದು ತಲೆಯಾಡಿಸಿದ.